ಮೆಗ್‌ಗೆ ವರ್ಷ ತುಂಬುವ ತನಕ

ನನ್ನ ಭಾವ ವಿಲ್ಫ್ ರೇನ್ ಸುಮ್ಮನೆ ಕೂತದ್ದನ್ನು ನಮ್ಮ ಕ್ರೇಕ್‌ಹಿಲ್‌ನಲ್ಲಿ ಯಾರೂ ನೋಡಿರಲಿಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಮೊಣಕಾಲು ಕುಣಿಯುತ್ತಿತ್ತು, ಮೇಲೆ ಚಹಾದ ಕಪ್ಪು ಸಾಸರಿನಲ್ಲಿ ಟಕಟಕ ಎನ್ನುತ್ತಿತ್ತು. ನನ್ನ ಅಕ್ಕ ಎಡ್ನಾ ಅವನ ಕಪ್ಪಿಗೆ ಅರ್ಧಕ್ಕಿಂತ ಹೆಚ್ಚು ಹಾಕುತ್ತಲೇ ಇರಲಿಲ್ಲ. ಎರಡಡಿ ಎತ್ತರದ ಕಲ್ಲಿದ್ದಲ ಪದರದಲ್ಲಿ ಏಳು ಗಂಟೆ ಮಗ್ಗುಲಾಗಿ ಬಿದ್ದುಕೊಂಡು ಕೆಲಸ ಮಾಡಿ ಬಂದ ಮನುಷ್ಯ, ಮೈ ತೊಳೆದವನೇ ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದು ಗುಡ್ಡಕ್ಕೆ ಹೊರಟುಬಿಡುತ್ತಿದ್ದ. ಹಿತ್ತಲಲ್ಲಿ ಎಲ್ಲರ ಹಾಗೆ ಅವನೂ ಈರುಳ್ಳಿ ಜಾತಿಯ ಲೀಕ್ ಗಿಡ ನೆಟ್ಟಿದ್ದ. ಊರಿನವರ ಲೀಕು ತೋಳಿನ ದಪ್ಪ ಬರುತ್ತಿತ್ತು. ಇವನು ವಾರಕ್ಕೊಮ್ಮೆ ಕಿತ್ತು, ಬೇರು ಎಷ್ಟು ಇಳಿದಿದೆ ಎಂದು ನೋಡಿ, ಮತ್ತೆ ನೆಡುತ್ತಿದ್ದ. ಅವು ಬೆರಳಿಗಿಂತ ದಪ್ಪ ಆಗಲೇ ಇಲ್ಲ.

ನಾಯಿಗಳಿಗೂ ಅದೇ ಗತಿ. ನಮ್ಮ ಡರಮ್ ಸೀಮೆಯ ಗಣಿ ಊರುಗಳಲ್ಲಿ ಲರ್ಚರ್ ಸಾಕದ ಗಂಡಸನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗ್ರೇಹೌಂಡಿನ ಕಾಲು, ಬೆಡ್ಲಿಂಗ್ಟನ್ ಟೆರಿಯರಿನ ಒರಟು ಕೂದಲು ಮತ್ತು ಗುಂಡಿಗೆ, ಇಷ್ಟೂ ಕೂಡಿದ ಬೆರಕೆ ನಾಯಿ ಅದು. ಸದ್ದಿಲ್ಲದೆ ಓಡಬೇಕು, ಸದ್ದಿಲ್ಲದೆ ಹಿಡಿಯಬೇಕು, ಹಿಡಿದದ್ದನ್ನು ಜೀವಂತವಾಗಿ ತಂದು ಯಜಮಾನನ ಕೈಗೆ ಕೊಡಬೇಕು. ಓಡುವಾಗ ಕೂಗುವ ಲರ್ಚರ್ ಯಾರಿಗೂ ಬೇಡ. ಒಂದು ಕೂಗಿಗೆ ಹೊಲದ ಮೊಲವೆಲ್ಲ ಖಾಲಿ, ಮೇಲಿಂದ ಜಮೀನಿನ ಕಾವಲುಗಾರನೂ ಹಾಜರು. ಎಳೆಯ ಮರಿಯನ್ನು ಕಾಡುಮೊಲದ ಹಿಂದೆ ಬಿಟ್ಟರೆ ಈ ಚಾಳಿ ಹತ್ತುತ್ತದೆ. ತನ್ನ ಕಾಲಿಗೆ ನಿಲುಕದ ಮೊಲ ಮುಂದೆ ಮುಂದೆ ಹೋಗುತ್ತಿದ್ದರೆ ಮರಿ ತಡೆಯಲಾರದೆ ಕೂಗುತ್ತದೆ. ಒಮ್ಮೆ ಕೂಗಿದ್ದು ಆಮೇಲೆ ಬಿಡುವುದು ಅಪರೂಪ. ಇದು ಊರಿನ ಮಕ್ಕಳಿಗೂ ಗೊತ್ತು.

ವಿಲ್ಫ್‌ಗೂ ಗೊತ್ತಿತ್ತು. ಗೊತ್ತಿದ್ದೂ ಕಾಯನ್ನು ಗುದ್ದಿ ಹಣ್ಣು ಮಾಡುವ ಆತುರಕ್ಕೆ ಬಿದ್ದು ಮೂರು ಒಳ್ಳೆಯ ನಾಯಿಗಳನ್ನು ಕೆಡಿಸಿದ. ಮೊದಲನೆಯದನ್ನು ಏಳು ತಿಂಗಳಿಗೆ ಬಿಟ್ಟ, ಎರಡನೆಯದನ್ನು ಎಂಟಕ್ಕೆ. ಮೂರನೆಯದಕ್ಕೆ ಒಂಬತ್ತು ತಿಂಗಳು ಕಾದೆ ಎಂದು ನನ್ನ ಮುಂದೆ ಬೀಗಿದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇವನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಪಬ್ಬಿನಲ್ಲಿ ಅವನು ಬಾಗಿಲು ದಾಟಿದರೆ ಸಾಕು, ಯಾರಾದರೊಬ್ಬರು ಮರಿ ನಾಯಿಯ ಹಾಗೆ ಕುಂಯ್‌ಗುಡುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಆ ದಿನ ಬಿಯರು ಬೇಗ ಮುಗಿಸಿ ಎದ್ದು ಹೋಗುತ್ತಿದ್ದ.

ಐವತ್ತೆರಡನೇ ವಯಸ್ಸಿಗೆ ಅವನ ಎದೆ ಕೈಕೊಟ್ಟಿತು. ಗಣಿಯ ಧೂಳು. ಮನೆಗೆ ಕಳಿಸಿದರು. ನಮ್ಮ ಬೀದಿಯ ತುದಿಯಿಂದ ಗುಡ್ಡದ ನೆತ್ತಿಗೆ ಐದು ಗೇಟು ದಾಟಬೇಕು. ಮೊದಮೊದಲು ಮೂರು ಕಡೆ ನಿಂತು ಉಸಿರು ಹಿಡಿದುಕೊಂಡು ಐದನ್ನೂ ದಾಟುತ್ತಿದ್ದ. ಒಂದು ದಿನ, "ಮ್ಯಾಟಿ, ಇವತ್ತು ನಾಲ್ಕನೇದ್ರಿಂದಲೇ ವಾಪಸ್ ಬಂದೆ ಕಣೋ," ಎಂದ. ಮಳೆ ಬರೋ ಹಾಗಿತ್ತಲ್ಲ ಎಂದೆ.

ಆ ಸೆಪ್ಟೆಂಬರಿನಲ್ಲಿ ಒಬೆಡ್ ಹರ್ನ್ ಬಂದ. ಎಪ್ಪತ್ತರ ಜಿಪ್ಸಿ ಮುದುಕ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಗಾಡಿ ತಂದು ಹಳ್ಳದ ಪಕ್ಕ ವಾರ ಕಾಲ ಬಿಡಾರ ಹೂಡುತ್ತಿದ್ದ. ಅವನ ನಾಯಿಗಳ ತಳಿಗೆ ಸುತ್ತ ಮೂರು ಕಣಿವೆಯಲ್ಲಿ ಹೆಸರು. ಅವನು ಮರಿ ಮಾರುತ್ತಿರಲಿಲ್ಲ. ಮನಸ್ಸಿಗೆ ಬಂದವರಿಗೆ ಕೊಡುತ್ತಿದ್ದ, ವರ್ಷ ಬಿಟ್ಟು ಬಂದು ನೋಡುತ್ತಿದ್ದ, ಕೆಡಿಸಿದ್ದರೆ ವಾಪಸ್ ಒಯ್ಯುತ್ತಿದ್ದ. ಆ ಸಲ ಅವನ ಮುದಿ ಹೆಣ್ಣುನಾಯಿ ಹಾಕಿದ್ದು ಒಂದೇ ಮರಿ. ಎರಡು ತಿಂಗಳ ಹೆಣ್ಣು, ಬೂದಿ ಬಣ್ಣ, ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ಮಲಗಿತ್ತು.

"ಹತ್ತು ವರ್ಷದಿಂದ ಕೇಳ್ತಿದೀನಿ," ಎಂದ ವಿಲ್ಫ್.

"ಹತ್ತು ವರ್ಷದಿಂದ ಇಲ್ಲ ಅಂತಿದೀನಿ," ಎಂದ ಒಬೆಡ್. ಆಮೇಲೆ ಕಿವಿ ಕೊಟ್ಟು ಕೇಳಿದ. "ಉಸಿರು ಯಾಕಯ್ಯಾ ಹಂಗೆ ಕುಯ್‌ಗುಟ್ತದೆ?"

"ಧೂಳು."

ಮುದುಕ ಪೈಪು ತುಂಬಿಕೊಂಡ, ಹಚ್ಚಿದ, ಆರಿತು, ಮತ್ತೆ ಹಚ್ಚಿದ. ವಿಲ್ಫ್ ಅಷ್ಟರಲ್ಲಿ ಗಾಡಿಗೆ ಎರಡು ಸುತ್ತು ಬಂದಿದ್ದ.

"ಒಯ್ಯಿ. ಮುಂದಿನ ಕೊಯ್ಲಿಗೆ ನಾನೇ ಬಂದು ಬಿಡಿಸಿ ನೋಡ್ತೀನಿ. ಅಲ್ಲೀವರೆಗೂ ಕಾಡುಮೊಲದ ಹಿಂದೆ ಬಿಡಬಾರ್ದು. ಓಡುವಾಗ ಕೂಗಿದ್ಲೋ, ಅವಳಿಗೆ ಹಗ್ಗ ಹಾಕಿ ಕರ್ಕೊಂಡು ಹೊರಟೆ. ಆಮೇಲೆ ಗೋಗರೀಬೇಡ."

"ವರ್ಷ ಪೂರ್ತಿನಾ?"

"ವರ್ಷ ಅಂದ್ರೆ ವರ್ಷ."

ಮರಿಯನ್ನು ಕೋಟಿನೊಳಗೆ ಹಾಕಿಕೊಂಡು ಬರುವಾಗ ನನಗೆ ರೇಗಿಹೋಯಿತು. "ಆ ಮುದುಕನಿಗೆ ತಲೆ ಇದ್ಯಾ? ವರ್ಷ ಕಾದ್ರೆ ನೀನು..." ಎಂದವನು ನಾಲಿಗೆ ಕಚ್ಚಿಕೊಂಡೆ.

"ಹೇಳು, ಪರವಾಗಿಲ್ಲ. ಎಷ್ಟನೇ ಗೇಟಲ್ಲಿರ್ತೀನೋ ಏನೋ. ಆದ್ರೂ ಕಾಯ್ತೀನಿ ಮ್ಯಾಟಿ. ಮೂರು ಕೆಡಿಸಿದೀನಿ. ಒಂದನ್ನಾದ್ರೂ ಸರಿಯಾಗಿ ಮಾಡಿಟ್ಟು ಹೋಗ್ಬೇಕು."

ಮೆಗ್ ಎಂದು ಹೆಸರಿಟ್ಟ. ಅವಳು ಬೂಟಿನೊಳಗೆ ಮಲಗುವಷ್ಟು ಚಿಕ್ಕವಳಿದ್ದಾಗಲೇ, ದೊಡ್ಡ ನಾಯಿಯ ಕತ್ತಿನ ಅಳತೆಗೆ ಒಂದು ಚರ್ಮದ ಪಟ್ಟಿ ಹೊಲಿದು ಮೊಳೆಗೆ ನೇತುಹಾಕಿದ. "ಕೂಸು ಹುಟ್ಟೋ ಮುಂಚೆ ಕುಲಾವಿ," ಎಂದಳು ಎಡ್ನಾ. ದಿನಾ ಆ ಪಟ್ಟಿಯನ್ನು ಇಳಿಸಿ ಎಣ್ಣೆ ಹಚ್ಚಿ ಮತ್ತೆ ನೇತುಹಾಕುವುದು ಅವನಿಗೊಂದು ಕೆಲಸವಾಯಿತು. ತಾರೀಕು ನೋಡಿ ನೋಡಿ ಹುಚ್ಚು ಹಿಡಿಯುತ್ತದೆ ಎಂದು ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ. ಎಡ್ನಾ ತನ್ನ ಅಂಗಡಿ ಬಾಕಿಯ ದಿನಗಳನ್ನು ಪಕ್ಕದ ಮನೆಗೆ ಬಂದು, ಅಂದರೆ ನನ್ನಲ್ಲಿಗೆ ಬಂದು, ನೋಡಿಕೊಂಡು ಹೋಗುತ್ತಿದ್ದಳು.

ಸಾಕಿದ್ದು ಮಾತ್ರ ಚೆನ್ನಾಗಿ ಸಾಕಿದ. ಕುರಿಯ ತಲೆಯನ್ನು ಬಾರ್ಲಿ ಹಾಕಿ ಬೇಯಿಸಿ ಹಾಕುತ್ತಿದ್ದ. ಮನೆಯೆಲ್ಲ ಅದೇ ವಾಸನೆ. ಹಳೆ ಕಾಲುಚೀಲಕ್ಕೆ ಮೊಲದ ಚರ್ಮ ಸುತ್ತಿ, ಎರಡು ಮನೆಗಳ ನಡುವಿನ ಓಣಿಯಲ್ಲಿ ಎಸೆಯುತ್ತಿದ್ದ. ಅಲ್ಲಿ ಆಚೆ ಈಚೆ ಹೋಗಲು ಜಾಗವಿಲ್ಲ, ಅವಳು ಅದನ್ನು ಕಚ್ಚಿಕೊಂಡು ನೇರ ಇವನ ಕೈಗೇ ಬರಬೇಕು. ಕುರಿಗಳ ನಡುವೆ, ಕೋಳಿಗಳ ನಡುವೆ ಹಗ್ಗ ಹಿಡಿದು ನಡೆಸಿದ. ಶಿಳ್ಳೆ ಹೊಡೆಯಲು ಉಸಿರು ಸಾಲದು ಎಂದು ಬೆರಳು ಚಿಟುಕಿಸಿದರೆ ಬರುವುದನ್ನು ಕಲಿಸಿದ. ಗುಡ್ಡದಲ್ಲಿ ಮೊಲ ಎದ್ದರೆ ಅವಳ ಕಣ್ಣಿಗೆ ಬೀಳದಂತೆ ತನ್ನ ಕೋಟು ಹರಡಿ ಅಡ್ಡ ನಿಲ್ಲುತ್ತಿದ್ದ. ಆಗ ಅವನ ಕಾಲು ನಿಂತಲ್ಲೇ ಕುಣಿಯುತ್ತಿತ್ತು. ಬಿಡು ಬಿಡು ಎಂದು ಅವನ ಮೈಯೆಲ್ಲ ಹೇಳುತ್ತಿತ್ತು. ಅವನು ಬಿಡಲಿಲ್ಲ.

ಕ್ರಿಸ್‌ಮಸ್ಸಿಗೆ ಮೂರನೇ ಗೇಟು. ಫೆಬ್ರವರಿಗೆ ಎರಡನೆಯದು.

ನನಗೆ ಅವನು ಕಾಯುವುದನ್ನು ನೋಡಲಾಗಲಿಲ್ಲ. ಇದನ್ನು ನೆಪ ಎಂದರೂ ಸರಿ. ಒಂದು ಶನಿವಾರ ಮಧ್ಯಾಹ್ನ ಎಡ್ನಾ ಅವನನ್ನು ಎದೆಯ ಫೋಟೋ ತೆಗೆಸಲು ಬಸ್ಸಿನಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಮೆಗ್ ನನ್ನ ಹತ್ತಿರ. ಏಳು ತಿಂಗಳಿಗೇ ಅವಳು ಕಾಲು ಉದ್ದ ಬೆಳೆದು ದೊಡ್ಡ ನಾಯಿಯ ಹಾಗೆ ಕಾಣುತ್ತಿದ್ದಳು. ಒಂದೇ ಒಂದು ಓಟ ನೋಡೋಣ, ಚೆನ್ನಾಗಿ ಓಡಿದರೆ ವಿಲ್ಫ್‌ಗೆ ಹೇಳಿ ಒಪ್ಪಿಸೋಣ, ವಸಂತದಲ್ಲಿ ಎರಡನೇ ಗೇಟಿನಿಂದಲಾದರೂ ಅವನೇ ಅವಳನ್ನು ಬಿಡಲಿ ಎಂದುಕೊಂಡೆ. ಐದು ಗೇಟು ದಾಟಿ ಮೇಲಿನ ಗುಡ್ಡಕ್ಕೆ ಕರೆದೊಯ್ದೆ. ಕಾಡುಮೊಲ ಒಂದು ಕಾಲಬುಡದಿಂದಲೇ ಎದ್ದಿತು. ಹಗ್ಗ ಜಾರಿಸಿದೆ.

ಅಬ್ಬಾ, ಏನು ಓಡಿದಳು. ಮೊಲ ಎರಡು ಸಲ ತಿರುಗಿತು, ಎರಡು ಸಲವೂ ಇವಳು ಕೆಂಪು ಜೇಡಿಯಲ್ಲಿ ಜಾರಿ ಎದ್ದಳು. ಮೂರನೆಯ ಸಲ ಮೊಲ ಏರಿನ ಕಡೆ ಹೊರಟಾಗ ನಡುವಿನ ಅಂತರ ಬೆಳೆಯುತ್ತಾ ಹೋಯಿತು. ಆಗ ಅವಳು ಕೂಗಿದಳು. ತೆಳ್ಳಗಿನ, ಅಳುವಂಥ ಕೂಗು, ಗೋಡೆಯಾಚೆ ಮೊಲ ಮರೆಯಾಗುವ ತನಕ. ಹಳ್ಳದಲ್ಲಿ ಅವಳ ಕಾಲು ತೊಳೆದು ಮನೆಗೆ ತಂದೆ. ಸಂಜೆ ವಿಲ್ಫ್ ಬಂದು, "ಹೇಗಿದ್ಲು?" ಎಂದ. "ಮಲಗಿದ್ಲು," ಎಂದೆ. ಅವನು ಅವಳ ಪಾದಗಳನ್ನು ಒಂದೊಂದಾಗಿ ಎತ್ತಿ, ದಿನಾ ಮಾಡುವ ಹಾಗೆ ಉಪ್ಪುನೀರಿನಲ್ಲಿ ಅದ್ದಿ ಒರೆಸಿದ.

ಅಲ್ಲಿಂದ ಏಳು ತಿಂಗಳು ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೇಳಿಬಿಡೋಣ ಎಂದು ಹೋಗುತ್ತಿದ್ದೆ, ಅವನು ಪಟ್ಟಿಗೆ ಎಣ್ಣೆ ಹಚ್ಚುತ್ತಾ ಕೂತಿರುವುದನ್ನು ನೋಡಿ ವಾಪಸ್ ಬರುತ್ತಿದ್ದೆ.

ಕೊಯ್ಲಾಯಿತು. ಒಬೆಡ್ ಬಂದ. ವಿಲ್ಫ್ ಕ್ಷೌರ ಮಾಡಿಕೊಂಡು, ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಹೊರಟ. ಮೊದಲ ಗೇಟಿಗೆ ಇನ್ನೂರು ಹೆಜ್ಜೆ. ಎಡ್ನಾ ಸ್ಟೂಲು ಹಿಡಿದು ಹಿಂದೆ ನಡೆದಳು, ಅವನು ಅದರ ಮೇಲೆ ಎರಡು ಸಲ ಕೂತ. ಗೇಟಿನ ಆಚೆ ಕೂಳೆ ಹೊಲ. ಹಗ್ಗವನ್ನು ನನ್ನ ಕೈಗೆ ಕೊಟ್ಟ. "ನೀನೇ ಬಿಡು ಮ್ಯಾಟಿ, ನಂಗೆ ಅಷ್ಟು ದೂರ ನಡೆಯೋಕಾಗಲ್ಲ," ಎಂದ. ಹೊಸ ಪಟ್ಟಿ ಅವಳ ಕತ್ತಿಗೆ ಸರಿಯಾಗಿ ಕೂತಿತ್ತು.

ಹೊಲದ ನಡುವೆ ಮೊಲ ಎದ್ದಿತು. ಬಿಟ್ಟೆ. ಮೊದಲ ತಿರುವಿಗೆ ಸದ್ದಿಲ್ಲ. ಎರಡನೆಯದಕ್ಕೂ ಸದ್ದಿಲ್ಲ. ಒಬೆಡ್ ಬಾಯಿಂದ ಪೈಪು ತೆಗೆದ. ನನ್ನ ಬದುಕಿನಲ್ಲಿ ದೇವರನ್ನು ನಿಜವಾಗಿ ಕರೆದದ್ದು ಆಗಲೇ. ಮೊಲ ಏರಿಗೆ ತಿರುಗಿತು. ಅವಳು ಕೂಗಿದಳು.

ಮೊಲ ಬೇಲಿ ನುಸುಳಿತು. ಮೆಗ್ ನಾಲಿಗೆ ಚಾಚಿಕೊಂಡು, ಹಗ್ಗ ಹಿಡಿದ ನನ್ನನ್ನು ಬಿಟ್ಟು, ನೇರ ಗೇಟಿನ ಹತ್ತಿರ ಹೋಗಿ ವಿಲ್ಫ್‌ನ ಕಾಲಬುಡದಲ್ಲಿ ಕೂತಳು.

"ಮುಂಚೆ ಯಾರು ಬಿಟ್ಟಿದ್ದು ಇವಳನ್ನ?" ಎಂದ ಒಬೆಡ್.

"ನಾನೇ," ಎಂದ ವಿಲ್ಫ್. "ಚಳಿಗಾಲದಲ್ಲಿ. ತಡೀಲಾಗಲಿಲ್ಲ. ನನ್ನ ವಿಷ್ಯ ಊರಿಗೆಲ್ಲ ಗೊತ್ತಲ್ಲ."

ಎಡ್ನಾ ಮುಖ ತಿರುಗಿಸಿದಳು. "ನಾಯಿ ಬಾಲ ಡೊಂಕು," ಎಂದಳು. "ಇಷ್ಟು ದಿನ ನಾನೂ ನಂಬಿದ್ನಲ್ಲ." ಅವಳು ಅಳುತ್ತಿದ್ದಳು. ಮುದುಕ ಜೇಬಿನಿಂದ ಹಗ್ಗ ತೆಗೆದವನು, ಸ್ಟೂಲನ್ನು ನೋಡಿದ, ವಿಲ್ಫ್‌ನ ಕಾಲು ನೋಡಿದ.

"ಯಾವ ಹೊಲ್ದಲ್ಲಿ ಬಿಟ್ಟೆ?"

"ಮೇಲಿನ ಗುಡ್ಡದಲ್ಲಿ."

"ಈ ಉಸಿರಿಟ್ಕೊಂಡು?"

ವಿಲ್ಫ್ ಬಗ್ಗಿ ಮೆಗ್ ಕತ್ತಿನ ಪಟ್ಟಿ ಸರಿಮಾಡಿದ. ಆಗ ನಾನು ಹೇಳಿದೆ. ನಾನು ಬಿಟ್ಟದ್ದು, ಫೆಬ್ರವರಿಯಲ್ಲಿ, ಅವನು ಎದೆಯ ಫೋಟೋಗೆ ಹೋದಾಗ. ಎಡ್ನಾ ನನ್ನ ಕೆನ್ನೆಗೆ ಬಾರಿಸಿದಳು. ನಲವತ್ತು ವರ್ಷದವನು, ಅಕ್ಕನ ಕೈಯಲ್ಲಿ ಏಟು ತಿಂದು ಕೂಳೆಯಲ್ಲಿ ನಿಂತೆ.

ಒಬೆಡ್ ಹಗ್ಗವನ್ನು ಸುತ್ತಿ ಜೇಬಿಗೆ ಹಾಕಿದ. "ಮಾತು ಕೊಟ್ಟೋನು ಮಾತು ಉಳಿಸಿದಾನೆ. ನಾಯಿ ಅವನದೇ," ಎಂದು ಹೇಳಿ ಹೊರಟ. ಆಮೇಲೆ ಬಂದ ವರ್ಷಗಳಲ್ಲಿ ಅವನು ನನ್ನ ಮುಖಕ್ಕೆ ನಮಸ್ಕಾರ ಕೂಡ ಹೇಳಲಿಲ್ಲ.

ಮನೆಗೆ ಬರುವಾಗ ವಿಲ್ಫ್ ಸ್ಟೂಲಿನ ಮೇಲೆ ಕೂತು ಉಸಿರು ಹಿಡಿದುಕೊಳ್ಳುತ್ತಿದ್ದ. ಎಡ್ನಾ ಮುಂದೆ ಹೋಗಿದ್ದಳು.

"ನಿಂಗೆ ಗೊತ್ತಿತ್ತು," ಎಂದೆ.

"ಆವತ್ತೇ. ಬೆರಳ ಸಂದೀಲಿ ಕೆಂಪು ಜೇಡಿ ಇತ್ತು. ಆ ಮಣ್ಣು ಐದನೇ ಗೇಟಿನ ಆಚೆಗೇ ಇರೋದು."

"ಮತ್ಯಾಕೆ ನನ್ನ ಕತ್ತು ಹಿಸುಕಲಿಲ್ಲ?"

"ಹಿಸುಕಿದ್ರೆ ಆ ಕೂಗು ವಾಪಸ್ ಹೋಗ್ತಿತ್ತಾ? ಮರ್ತಾಳೇನೋ ಅಂತ ಕಾದೆ." ಮೆಗ್ ಅವನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಆ ಮೊಣಕಾಲು ಅಲ್ಲಾಡುತ್ತಿರಲಿಲ್ಲ. "ಚೆನ್ನಾಗಿ ಕಾದೆ, ಅಲ್ವೇನೋ?"

"ಹೂಂ," ಎಂದೆ.

ಮಾರ್ಚಿನಲ್ಲಿ ಅವನು ಹೋದ. ಮೆಗ್ ಈಗ ನನ್ನ ಮನೆಯಲ್ಲಿದ್ದಾಳೆ. ಕೂತಲ್ಲಿ ಕೂರಲಾಗದ ಕಾಯಿಲೆ ನನಗೂ ಹತ್ತಿದೆ. ಕೆಲಸ ಬಿಟ್ಟ ಕೂಡಲೇ ಅವಳನ್ನು ಕರೆದುಕೊಂಡು ಐದನೇ ಗೇಟಿನವರೆಗೆ ಹೋಗುತ್ತೇನೆ. ಮೊಲ ಎದ್ದಾಗಲೆಲ್ಲ ಅವಳು ಕೂಗುತ್ತಾಳೆ, ಇಡೀ ಊರಿಗೆ ಕೇಳಿಸುತ್ತದೆ. ಪಬ್ಬಿಗೆ ಹೋದರೆ ಯಾರಾದರೂ, "ಕೇಳಿಸ್ತಪ್ಪಾ, ವಿಲ್ಫ್ ಕೆಡಿಸಿದ ನಾಲ್ಕನೇದು," ಎಂದು ನಗುತ್ತಾರೆ. ನಾನು ಗ್ಲಾಸು ಕೆಳಗಿಡುತ್ತೇನೆ, ಫೆಬ್ರವರಿಯ ಆ ಶನಿವಾರದಿಂದ ಶುರು ಮಾಡಿ ಎಲ್ಲವನ್ನೂ ಹೇಳುತ್ತೇನೆ. ಹೇಳಿ ಮುಗಿಯುವ ತನಕ ಯಾರನ್ನೂ ಏಳಲು ಬಿಡುವುದಿಲ್ಲ.