ನನ್ನ ಸಂಜೆಸಾಲೆಯ ಬೆಂಡೆ ಹೂವು

ನಮ್ಮ ಮನೆಯಲ್ಲಿ ಬೆಂಡೆಕಾಯಿ ಪಲ್ಯ ಮಾಡುವುದಿಲ್ಲ. ನಮ್ಮ ಯಜಮಾನರಿಗೆ ಅದೆಂದರೆ ಜೀವ, ಪಾಪ. ಯಾರ ಮನೆಗಾದರೂ ಊಟಕ್ಕೆ ಹೋದರೆ ಎರಡೆರಡು ಸಲ ಹಾಕಿಸಿಕೊಂಡು ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತಾರೆ. ಕೇಳಿದವರಿಗೆಲ್ಲ ನಾನು "ಹೆಚ್ಚಾಕ ಕುಂತ್ರ ಕೈ ತುರಸ್ತಾವ್ರಿ" ಎಂದು ಹೇಳುತ್ತ ಬಂದಿದ್ದೇನೆ. ಸುಳ್ಳು. ಹೋದ ತಿಂಗಳು ಕೊಪ್ಪಳದ ಸಂತೆಯಲ್ಲಿ ಏನೋ ಯೋಚನೆಯಲ್ಲಿ ನಿಂತವಳು ಒಂದು ಬೆಂಡೆಕಾಯಿ ಎತ್ತಿ ತುದಿಯನ್ನು ಲಟಕ್ಕನೆ ಮುರಿದುಬಿಟ್ಟೆ. ಮಾರುವಾಕೆ, "ಮುರದ ಮ್ಯಾಲ ತಗೋಬೇಕವ್ವ ಮತ್ತ!" ಎಂದು ಗದರಿದಳು. ಬೆರಳಿಗಂಟಿದ ಲೋಳೆಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಷ್ಟಗಿಯ ಹುಲಿಗೆಮ್ಮನ ನೆನಪಾಗಿ ನನ್ನ ಮುಖ ಬಿಸಿಯಾಯಿತು. ಕಾಲು ಕಿಲೋ ತೂಗಿಸಿಕೊಂಡು, ಸಂತೆ ದಾಟುವ ಮೊದಲೇ ಒಂದು ಎಮ್ಮೆಯ ಮುಂದೆ ಸುರಿದು ಮನೆಗೆ ಬಂದೆ.

ಈ ಕಥೆಯಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಗಂಗಾವತಿಯವಳು, ಕಾಲುವೆ ನೀರಿನವಳು. ಹೊಲವೆಂದರೆ ಭತ್ತ, ಭತ್ತವೆಂದರೆ ಹೊಲ, ಅದರಾಚೆ ನನಗೇನೂ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಯಜಮಾನರಿಗೆ ಕುಷ್ಟಗಿಗೆ ವರ್ಗವಾದಾಗ, ಬಿ.ಎಡ್. ಮಾಡಿ ಮನೆಯಲ್ಲೇ ಕೂತಿದ್ದ ನನಗೆ ಅಲ್ಲಿಯ ಮಹಿಳಾ ಸಂಘದವರು ಒಂದು ಕೆಲಸ ಕೊಟ್ಟರು. ನಮ್ಮ ಓಣಿಯ ಹೆಣ್ಣುಮಕ್ಕಳು ಊರಾಚೆಯ ಬೀಜದ ಪ್ಲಾಟುಗಳಿಗೆ ಕೂಲಿಗೆ ಹೋಗುವವರು. ಶಾಲೆ ನಾಲ್ಕೂವರೆಗೆ ಬಿಟ್ಟರೆ ಅವರು ಮನೆ ಮುಟ್ಟುವುದು ಏಳಕ್ಕೆ. ಆ ಎರಡೂವರೆ ತಾಸು ಅವರ ಮಕ್ಕಳನ್ನು ಕೂಡಿಸಿಕೊಂಡು ಏನಾದರೂ ಒಳ್ಳೆಯದು ಕಲಿಸಬೇಕು, ಅಷ್ಟೇ. ಊರವರು ಅದಕ್ಕೆ ಸಂಜಿಸಾಲಿ ಎಂದು ಹೆಸರಿಟ್ಟರು. ನಾನು ಟೀಚರ್ ಆದೆ.

ಅಯ್ಯೋ, ನನ್ನ ಆಗಿನ ಹುರುಪು ನೀವು ನೋಡಬೇಕಾಗಿತ್ತು! ಫೋನಿನಲ್ಲಿ ಎಲ್ಲೆಲ್ಲಿಯವರೋ ಮಕ್ಕಳಿಗೆ ಏನೇನೋ ಮಾಡಿಸುವ ವಿಡಿಯೋ ನೋಡುವುದು, ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ವಾರದ ಚಾರ್ಟು ಬರೆದು ಗೋಡೆಗೆ ಅಂಟಿಸುವುದು. ಐಸ್‌ಕ್ಯಾಂಡಿ ಕಡ್ಡಿಯಿಂದ ಮನೆ ಕಟ್ಟಿಸಲು ಹೊರಟೆ; ಬರೀ ಕಡ್ಡಿ ಎಲ್ಲೂ ಸಿಗದೆ ಎಲ್ಲ ಮಕ್ಕಳಿಗೂ ವಾರವಿಡೀ ಐಸ್‌ಕ್ಯಾಂಡಿ ತಿನ್ನಿಸಿದೆ. ಮೂವರಿಗೆ ಕೆಮ್ಮು ಬಂತು, ಮನೆ ಒಂದೇ ದಿನಕ್ಕೆ ಬಿತ್ತು. ಮಂಗಳವಾರ ಕಣ್ಣು ಮುಚ್ಚಿ ಧ್ಯಾನ. ಐದು ನಿಮಿಷಕ್ಕೆ ಅರ್ಧದಷ್ಟು ಮಕ್ಕಳು ನಿದ್ದೆ ಹೋಗಿದ್ದರು. ಎಬ್ಬಿಸಲು ಹೋದರೆ ರಾಜಾಬಿ ಕೈ ಅಡ್ಡ ಹಿಡಿದಳು. ಮಕ್ಕಳಿಗೆ ಮಂಡಕ್ಕಿ ಸುಸ್ಲಾ ಮಾಡಿ ಬಡಿಸುತ್ತ, ಮೂಗು ಒರೆಸುತ್ತ, ನಿಜವಾಗಿ ಆ ಸಂಜೆಸಾಲೆಯನ್ನು ನಡೆಸುತ್ತಿದ್ದವಳು ಆಕೆಯೇ. "ಮಲಗ್ಲಿ ಬಿಡ್ರಿ ಟೀಚರ್, ದಣದಾವ" ಎಂದಳು. ಚಾರ್ಟಿನಲ್ಲಿ ಮಲಗುವುದಕ್ಕೆ ಜಾಗವಿರಲಿಲ್ಲ. ನಾನು ಎಬ್ಬಿಸಿದೆ.

ಹುಲಿಗೆಮ್ಮ ಆಗ ಆರನೇ ತರಗತಿ. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ಅವಳಿಗೆ ಬಸ್ಸಿನ ಚಿತ್ರ ಬಿಡಿಸುವ ಹುಚ್ಚು. ನಮ್ಮ ಕುಷ್ಟಗಿ ಎಂದರೆ ನಾಲ್ಕು ದಿಕ್ಕಿನ ಬಸ್ಸು ಬಂದು ಕೂಡುವ ಊರಲ್ಲವೇ, ದಿನಕ್ಕೊಂದು ಬಸ್ಸು ಬಿಡಿಸುವಳು. ಮೊದಮೊದಲು ಬರೀ ಡಬ್ಬಿ, ನಾಲ್ಕು ಗಾಲಿ. ಬರಬರುತ್ತ ಬಸ್ಸಿಗೆ ಕಿಟಕಿ ಬಂತು, ಕಿಟಕಿಗೆ ಮಂದಿ ಬಂದರು, ಆ ಮಂದಿಗೆ ತೂಕಡಿಕೆ ಬಂತು. ಬಾಗಿಲಲ್ಲಿ ಜೋತು ಬಿದ್ದ ಕಂಡಕ್ಟರನ ಕಿವಿಯಲ್ಲಿ ಪೆನ್ನು ಕೂಡ ಇತ್ತು. ನಾನು "ಛಲೋ ಐತಿ" ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಬಸ್ಸಿನ ಚಿತ್ರದಲ್ಲಿ ನನಗೆ ಹೊಸದೇನೂ ಕಾಣಲಿಲ್ಲ.

ಹಿತ್ತಿಲಲ್ಲಿ ಎರಡು ಸಾಲು ಬೆಂಡೆ ಹಾಕಿಸಿದ್ದೆ. ಹೂವು ಬಿಟ್ಟ ಮೇಲೆ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಹೂವಿನ ಭಾಗಗಳನ್ನು ತೋರಿಸಲು ಹೋದೆ. ಕೇಸರ ಯಾವುದು, ಶಲಾಕೆ ಯಾವುದು ಎಂದು ನನಗೇ ಗೊಂದಲವಾಯಿತು. "ಹುಲಿಗೆಮ್ಮ, ನೀ ಹೂವು ಬಿಚ್ಚಿ ತೋರಿಸವ್ವ" ಎಂದರೆ ಅವಳು ಎರಡೂ ಕೈ ಬೆನ್ನ ಹಿಂದಕ್ಕೆ ಒಯ್ದು, "ನಂಗ ಬರಂಗಿಲ್ರಿ ಟೀಚರ್" ಎಂದಳು. ಮರುದಿನ ಸಂಜೆ ನೋಡುತ್ತೇನೆ, ಐದಾರು ಮೊಗ್ಗಿಗೆ ನಮ್ಮ ಕೆಂಪು ಕ್ರಾಫ್ಟ್ ಪೇಪರಿನ ಪುಟ್ಟ ಟೋಪಿ! ಒಂದನ್ನು ತೆಗೆದರೆ ಒಳಗೆ ದಳವಿಲ್ಲ, ಪುಡಿಯಿಲ್ಲ, ನಡುವಿನ ಹೆಣ್ಣು ಭಾಗವೊಂದೇ ಎಳ್ಳಷ್ಟೂ ಪೆಟ್ಟಾಗದೆ ನಿಂತಿದೆ. "ಯಾರು ಮಾಡಿದ್ದು ಇದು?" ಎಂದು ನಾನು ಕೂಗಿದೆ. ಮಕ್ಕಳೆಲ್ಲ ಹುಲಿಗೆಮ್ಮನ ಕಡೆ ನೋಡಿದರು. ಅವಳು ನೆಲ ನೋಡಿದಳು. ಕೈ ಸುಮ್ಮನಿರಲಾರದೆ ಮಾಡಿಬಿಟ್ಟಿದ್ದಳು, ಪಾಪ.

ರಾಜಾಬಿ ನನಗೆ ವಿವರಿಸಿದಳು. ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ನಾಳೆ ಅರಳುವ ಮೊಗ್ಗಿನ ಗಂಡು ಭಾಗವನ್ನು ಇಂದು ಸಂಜೆಯೇ ಹೆಬ್ಬೆರಳ ಉಗುರಿನಿಂದ ಬಿಡಿಸಿ ತೆಗೆಯಬೇಕು, ಬೆಳಿಗ್ಗೆ ಬೇರೆ ಗಿಡದ ಹೂವಿನ ಪುಡಿ ತಂದು ಮುಟ್ಟಿಸಬೇಕು. ಬೀಜದ ಪ್ಲಾಟಿನ ಕೂಲಿ ಎಂದರೆ ಇದೇ. ತಾಯಂದಿರು ಹೊತ್ತು ಮುಳುಗುವವರೆಗೆ ಮಾಡುತ್ತಿದ್ದದ್ದು ಇದೇ. "ಸಣ್ಣ ಬೆರಳು ಇದ್ದಷ್ಟು ಛಲೋ ಬರ್ತೈತ್ರಿ. ಅದಕ್ಕ ಹುಡುಗ್ರು ಬೇಕಂತಾರ ಪ್ಲಾಟಿನವ್ರು. ಇಲ್ಲಿ ಬ್ಯಾಡ್ರಿ ಟೀಚರ್, ಇದು ಆಟ ಅಲ್ಲ, ಕೂಲಿ ಐತಿ." ನಾನು ಅವಳ ಭುಜ ತಟ್ಟಿ, "ಇದು ವಿಜ್ಞಾನ ರಾಜಾಬಿ, ನಿಂಗ ತಿಳಿಯಂಗಿಲ್ಲ" ಎಂದೆ. ಹೌದು, ಇದೇ ಮಾತು ಅಂದೆ. ಈಗ ಬರೆಯುವಾಗಲೂ ಪೆನ್ನು ಕೆಳಗಿಟ್ಟು ಒಂದು ಗುಟುಕು ನೀರು ಕುಡಿಯಬೇಕಾಯಿತು.

ಎರಡು ವಾರ ಚಾರ್ಟಿನ ಉಳಿದದ್ದನ್ನೆಲ್ಲ ಬದಿಗಿಟ್ಟೆ. ಹುಲಿಗೆಮ್ಮ ಗುರು, ಉಳಿದವರು ಶಿಷ್ಯರು. ಅವಳು ಮೆಲ್ಲಗಿನ ದನಿಯಲ್ಲಿ, "ಉಗುರು ಆಳಕ್ಕ ಹೋಗಬಾರ್ದು, ಸುತ್ತೂ ತಿರುವು" ಎಂದು ಪುಟ್ಟ ಪುಟ್ಟ ಕೈಗಳನ್ನು ಹಿಡಿದು ಕಲಿಸಿದಳು. ಅವಳ ಬಸ್ಸಿನ ಚಿತ್ರಗಳು ನಿಂತುಹೋದವು. ಸಂಜೆಸಾಲೆಗೆ ವರ್ಷ ತುಂಬಿತೆಂದು ಪಾಲಕರ ಸಭೆ ಇಟ್ಟಿದ್ದೆವು. ನಮಗೆ ಚಾಪೆ, ಫ್ಯಾನು ಕೊಡಿಸಿದ್ದ ದೊಡ್ಡ ರೈತರೊಬ್ಬರು ಮುಖ್ಯ ಅತಿಥಿ. ಅವರದೇ ಬೀಜದ ಪ್ಲಾಟು, ಓಣಿಯ ಅರ್ಧ ಹೆಣ್ಣುಮಕ್ಕಳು ಅವರಲ್ಲೇ ದುಡಿಯುವವರು. ಇದಕ್ಕಿಂತ ಒಳ್ಳೆಯ ಪ್ರೇಕ್ಷಕರು ಎಲ್ಲಿ ಸಿಗಬೇಕು ಹೇಳಿ, ಎಂದು ನಾನು ಹಿಗ್ಗಿದ್ದೆ.

ಸಭೆಯ ದಿನ ಹುಲಿಗೆಮ್ಮ ನನ್ನ ಸೆರಗು ಹಿಡಿದು ಎಳೆದಳು.

"ಟೀಚರ್, ಎಲ್ಲಾರ ಮುಂದ ನಾ ಒಲ್ಲೆರಿ."

"ಯಾಕವ್ವ?"

"ನಮ್ಮವ್ವ..."

"ನಿಮ್ಮವ್ವ ನೋಡಿ ಖುಷಿ ಪಡ್ತಾಳ ಹುಚ್ಚಿ! ನಮ್ಮ ಸಾಲಿ ಮರ್ಯಾದಿ ಪ್ರಶ್ನಿ ಐತಿ, ನಡಿ ನಡಿ."

ಅವಳಿಗೆ ಮಾತು ಮುಗಿಸಲು ಬಿಡಲಿಲ್ಲ. ಎರಡೂ ಭುಜ ಹಿಡಿದು ಮುಂದಕ್ಕೆ ನೂಕಿದೆ. ಅವಳು ಕುಂಡದಲ್ಲಿ ತಂದಿಟ್ಟ ಬೆಂಡೆ ಗಿಡದ ಮುಂದೆ ಕೂತಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಮೊಗ್ಗು, ಇನ್ನೊಂದು, ಮತ್ತೊಂದು. ಮಂದಿ ಚಪ್ಪಾಳೆ ತಟ್ಟಿದರು. ಅವಳ ಹಿಂದೆ ಉಳಿದ ಹುಡುಗರೂ ಕೂತು ಒಂದೊಂದು ಮಾಡಿ ತೋರಿಸಿದರು. ಹೆಂಗಸರ ಸಾಲಿನಲ್ಲಿ ಹುಲಿಗೆಮ್ಮನ ತಾಯಿ ಯಂಕವ್ವ ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡು ಕೂತಿದ್ದಳು. ಆನಂದಕ್ಕೆ ಅಳು ಬಂದಿದೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅತಿಥಿಗಳು ಎದ್ದು ನಿಂತು, "ಟೀಚರ್, ನಮ್ಮ ಕೆಲಸ ಭಾಳ ಹಗರ ಮಾಡೀರಿ ನೋಡ್ರಿ!" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾರದೊಳಗೆ ಎಂಟು ಮಕ್ಕಳು ಬರುವುದನ್ನು ಬಿಟ್ಟರು. ಮೊದಲು ಬಿಟ್ಟವಳು ಹುಲಿಗೆಮ್ಮ. ಜ್ವರ ಬಂದಿರಬೇಕೆಂದು ಬಿಸ್ಕಿಟ್ ಪುಡಿಕೆ ಹಿಡಿದು ಅವಳ ಮನೆಗೆ ಹೋದೆ. ಏಳೂವರೆಯಾಗಿತ್ತು, ತಾಯಿ ಮಗಳು ಇಬ್ಬರೂ ಆಗತಾನೆ ಪ್ಲಾಟಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಯಂಕವ್ವ ನನ್ನನ್ನು ಕೂಡಿಸಿ ಚಹಾ ಇಟ್ಟಳು. ನಾನು ಕೇಳುವ ಮೊದಲೇ ಅವಳೇ ಮಾತು ತೆಗೆದಳು.

"ನಾಲ್ಕನೇತ್ತ ಇದ್ದಾಗ ಸೂಟಿಯೊಳಗ ಒಂದ್ಸಲ ಕರ್ಕೊಂಡು ಹೋಗಿದ್ದೆರಿ ಟೀಚರ್. ನೋಡಿ ನೋಡೇ ಕಲ್ತುಬಿಟ್ಲು. ಅವತ್ತ ನಂಗ ಎದಿ ಝಲ್ ಅಂತು. ಇಕಿ ಕೈ ಅವರ ಕಣ್ಣಿಗೆ ಬಿದ್ರ ಸಾಲಿ ಮುಗೀತು ಅಂತ ತಿಳಕೊಂಡೆ. ಎರಡು ವರ್ಷ ಪ್ಲಾಟಿನ ಯಜಮಾನ್ರಿಗೆ ಸುಳ್ಳ ಹೇಳೇನಿ, 'ಅಕಿಗೆ ಬರಂಗಿಲ್ರಿ, ಬರೇ ಹೂವು ಮುರೀತಾಳ' ಅಂತ. ಇದನ್ನ ಮರೀಲಿ ಅಂತ ನಿಮ್ಮತ್ರ ಕಳಿಸಿದ್ದೆ. ಈಗ ಎಲ್ಲಾರ ಮುಂದ ನೋಡ್ಯಾರ. ಇನ್ನ ಹೆಂಗ ಇಲ್ಲ ಅನ್ಲಿ? ಅಲ್ಲೇ ದುಡಿಯಾಕಿ ನಾನು."

ಚಹಾ ಸೋಸಿ ಕಪ್ಪು ನನ್ನ ಕೈಗಿಟ್ಟಳು. ಯಂಕವ್ವ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದಳು. "ಇಕಿಗೆ ಸಾವಿರ ಸಲ ಹೇಳಿದ್ದೆ, ಬರಂಗಿಲ್ಲ ಅನ್ನು ಅಂತ. ಮಂದಿ ಚಪ್ಪಾಳಿ ಹೊಡೀತಾರಂತ ಕುಣದಾಳ ನಮ್ಮವ್ವ!"

ಹುಲಿಗೆಮ್ಮ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ, ಸುಮ್ಮನೆ ಕಾಯುವ ನೋಟ. ಒಂದೇ ಮಾತು ಸಾಕಿತ್ತು. "ಅಕಿ ಒಲ್ಲೆ ಅಂದ್ಲು, ನಾನ ನೂಕಿದೆ" ಎಂದು ಹೇಳಿದ್ದರೆ ಮುಗಿದಿತ್ತು. ನಾನು ಚಹಾ ಕುಡಿದೆ. ಬಿಸ್ಕಿಟ್ ಪುಡಿಕೆ ಇಟ್ಟೆ. "ನೋಡೂಣು ಬಿಡವ್ವ" ಎಂದು ಎದ್ದು ಬಂದೆ. ಏನು ನೋಡುವುದಿತ್ತೋ ದೇವರೇ ಬಲ್ಲ. ಮಕ್ಕಳು ಕಡಿಮೆಯಾಗುತ್ತ ಹೋಗಿ ಸಂಜೆಸಾಲೆ ಮುಚ್ಚಿತು, ಯಜಮಾನರಿಗೆ ಕೊಪ್ಪಳಕ್ಕೆ ವರ್ಗವಾಯಿತು, ನಾನು ಬೆಂಡೆಕಾಯಿ ತರುವುದನ್ನು ಬಿಟ್ಟೆ. ದೊಡ್ಡ ಪ್ರಾಯಶ್ಚಿತ್ತ ನೋಡಿ!

ಸಂತೆಯ ಆ ಪೇಚಾಟ ಕಳೆದು ವಾರವಾಗಿರಲಿಲ್ಲ, ಒಂದು ಮದುವೆಗೆಂದು ಕುಷ್ಟಗಿಯ ಬಸ್ಸು ಹತ್ತಿದೆ. ನನ್ನ ಪಕ್ಕದಲ್ಲಿ ಬಂದು ಕೂತ ಹುಡುಗಿ ನನ್ನನ್ನೇ ಎರಡು ನಿಮಿಷ ನೋಡಿ, "ಟೀಚರ್ ಹೌದಲ್ರಿ?" ಎಂದಳು. ಎತ್ತರವಾಗಿದ್ದಳು. ಬಲಗೈ ಹೆಬ್ಬೆರಳಿನ ಉಗುರು ಉದ್ದ ಬೆಳೆದು, ಅಂಚು ಹಸಿರುಗಪ್ಪಾಗಿತ್ತು. ಎಂಟನೇತ್ತಕ್ಕೆ ಶಾಲೆ ಬಿಟ್ಟೆನೆಂದಳು, ಈಗ ಹದಿನಾರು ಮಂದಿ ಕೂಲಿಯವರ ಗುಂಪನ್ನು ನಡೆಸುವ ಮುಕಾದಮಳು ತಾನೇ ಎಂದಳು. ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಅದು ನನಗೆ ಇನ್ನಷ್ಟು ಚುಚ್ಚಿತು. ಚಿತ್ರ ಬಿಡಿಸುತ್ತೀಯಾ ಎಂದು ಕೇಳುವ ಧೈರ್ಯ ಬರಲಿಲ್ಲ. ಬದಲಿಗೆ, ಏಳು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. "ಹುಲಿಗೆಮ್ಮ, ಅವತ್ತ ನಂದು ಭಾಳ ತಪ್ಪಾತವ್ವ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ನಂಗ ಬ್ಯಾಡ್ರಿ, ನಮ್ಮವ್ವನ ಮುಂದ ಹೇಳ್ರಿ ಟೀಚರ್. ಸಿಟ್ಟು ಬಂದಾಗೊಮ್ಮೆ ಇನ್ನೂ ಅದನ್ನ ತಗದು ಬೈತಾಳ, ಅವತ್ತ ಯಾಕ ಕುಣದಿ ಅಂತ."

ಮದುವೆಗೆ ಹೋಗಲಿಲ್ಲ. ರೇಷ್ಮೆ ಸೀರೆಯಲ್ಲೇ ಅವಳ ಹಿಂದೆ ಹೋದೆ. ಯಂಕವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು ಗುರುತು ಹಿಡಿದು, "ಬರ್ರಿ ಬರ್ರಿ" ಎಂದು ಚಾಪೆ ಹಾಕಲು ಎದ್ದಳು. ಕೂತರೆ ಮತ್ತೆ ಚಹಾ ಬರುತ್ತದೆ, ಚಹಾ ಬಂದರೆ ನನ್ನ ಬಾಯಿ ಮುಚ್ಚುತ್ತದೆ. ನಿಂತೇ ಹೇಳಿದೆ. "ಯಂಕವ್ವ, ಸಭಾದಾಗ ಅಕಿ ಕುಣೀಲಿಲ್ಲ. ಒಲ್ಲೆ ಅಂದ್ಲು, ನನ್ನ ಸೆರಗ ಹಿಡದು ಒಲ್ಲೆ ಅಂದ್ಲು. ನಾನ ನೂಕಿದೆ. ನೀ ಅಕಿಗೆ ಬೈಯುವಾಗ ಸುಮ್ಮನ ಕುಂತು ಚಹಾ ಕುಡದೆ."

ಯಂಕವ್ವ ನನ್ನ ಕಡೆ ನೋಡಲೇ ಇಲ್ಲ. ಮಗಳನ್ನೇ ನೋಡಿದಳು. ಕೈಯಲ್ಲಿದ್ದ ಮೊರ ಜಾರಿ ಜೋಳ ಚೆಲ್ಲಿತು.

"ಹೌದೇನ? ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

ಹುಲಿಗೆಮ್ಮ ಕೂತು ಜೋಳ ಆಯತೊಡಗಿದಳು. ತಲೆ ಎತ್ತದೆ ಹೇಳಿದಳು:

"ಹೇಳಿದ್ರ ನೀ ಟೀಚರ್ ಜೋಡಿ ಜಗಳ ತಗೀತಿದ್ದಿ. ಟೀಚರ್ ಛಲೋ ಇದ್ರು."

ಯಂಕವ್ವ ಆಮೇಲೆ ನನಗೆ ಬೈದಳು. ಓಣಿಯವರು ಬಂದು ನಿಂತು ನೋಡುವ ಹಾಗೆ, ಗಂಟಲು ಕಟ್ಟುವ ತನಕ ಬೈದಳು. ಹುಲಿಗೆಮ್ಮ ಒಮ್ಮೆ "ಸಾಕು ಬಿಡಬೇ" ಎಂದಳು. ನಾನು, "ಬೈಲಿ ಬಿಡವ್ವ" ಎಂದು ಹೇಳಿ, ಅವಳ ಪಕ್ಕ ನೆಲಕ್ಕೆ ಕೂತು ಚೆಲ್ಲಿದ ಜೋಳ ಆರಿಸತೊಡಗಿದೆ.