ಅಮ್ಮನ ಕೆರೆ, ನಸೀಮಾಳ ಸ್ಪ್ಯಾನಿಷ್

ಮೊನ್ನೆ ಆರ್.ಟಿ. ನಗರದಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಒಂದು ಬೇಕರಿಯಿಂದ ಬಿಸಿ ದಿಲ್‌ಪಸಂದಿನ ವಾಸನೆ ಬಂತು. ಕೊಬ್ಬರಿ, ಸಕ್ಕರೆ, ಬೆಣ್ಣೆ ಸೇರಿ ಕೆಂಪಗಾಗುವ ಆ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಅಸಿಡಿಟಿ ಅಂದುಕೊಳ್ಳಬೇಡಿ, ಅಪ್ಪಟ ಹೊಟ್ಟೆಕಿಚ್ಚು, ಅದೂ ಎಷ್ಟೋ ವರ್ಷ ಹಳೆಯದು.

ಆ ಬೇಕರಿಯ ಮೇಲಿನ ಮಹಡಿಯಲ್ಲಿ ಆಗ ಭಾಷೆಗಳನ್ನು ಕಲಿಸುವ ಸಣ್ಣ ಕೇಂದ್ರವೊಂದಿತ್ತು. ಅಲ್ಲಿ ನಾನು ಸ್ಪ್ಯಾನಿಷ್ ಹೇಳಿಕೊಡುತ್ತಿದ್ದೆ. ಬಾಗಲಗುಂಟೆಯವಳಿಗೆ ಸ್ಪ್ಯಾನಿಷ್ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಹೆಬ್ಬಾಳದ ಕಚೇರಿಯೊಂದರಲ್ಲಿ ಮೆಕ್ಸಿಕೋದ ಗ್ರಾಹಕರ ಫೋನು ಎತ್ತುವ ಕೆಲಸಕ್ಕೆಂದು ಕಲಿತೆ, ಆಮೇಲೆ ಒಂದೊಂದೇ ಪರೀಕ್ಷೆ ಕಟ್ಟಿ ಗಟ್ಟಿ ಮಾಡಿಕೊಂಡೆ. ನನ್ನ ಪಾಠ ಮಗ್ಗಿಯ ಥರ. ಬೋರ್ಡಿನ ಮೇಲೆ ಕ್ರಿಯಾಪದಗಳನ್ನು ಸಾಲಾಗಿ ಬರೆದು ನಾನು ಹೇಳಬೇಕು, ವಿದ್ಯಾರ್ಥಿಗಳು ಒಟ್ಟಿಗೆ ತಿರುಗಿ ಹೇಳಬೇಕು. ಆಬ್ಲೊ, ಆಬ್ಲಾಸ್, ಆಬ್ಲಾ: ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ. ಕೇಳಿ ಕೇಳಿ ಕೆಳಗಿನ ಬೇಕರಿಯ ಯಜಮಾನರಿಗೂ ಬಾಯಿಪಾಠವಾಗಿತ್ತು. ಅದು ನನ್ನ ಪಾಠದ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೆ. ಮಾತಾಡುತ್ತೇನೆ ಎಂದು ಅಷ್ಟು ಸಲ ಕೂಗಿದವರಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

ಹಾಗಿರುವಾಗ ಅಲ್ಲಿ ಕಲಿಸಲು ನಸೀಮಾ ಬಂದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಅವಳ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿ. ಮನೆಯವರೊಂದಿಗೆ ದಖನಿ ಉರ್ದು, ನಮ್ಮೊಂದಿಗೆ ಸೊಗಸಾದ ಕನ್ನಡ. ಹೊಸ ಬ್ಯಾಚನ್ನು ಅವಳಿಗೆ ಕೊಟ್ಟರು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ.

ಅವಳು ಬೋರ್ಡನ್ನು ಮುಟ್ಟುತ್ತಲೇ ಇರಲಿಲ್ಲ. ಕಥೆ ಹೇಳುತ್ತಿದ್ದಳು. ಸ್ಪ್ಯಾನಿಷ್ ಆಡುವ ಊರುಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವ ಹಳೆಯ ಕಥೆಗಳು. ಮೊದಲ ದಿನವೇ ಚಂದ್ರನಲ್ಲಿರುವ ಮೊಲದ ಕಥೆ. ನಮ್ಮ ಹಾಗೆ ಮೆಕ್ಸಿಕೋದವರಿಗೂ ಚಂದ್ರನಲ್ಲಿ ಮೊಲವೇ ಕಾಣುವುದಂತೆ. ದೇವರು ಮನುಷ್ಯನ ವೇಷದಲ್ಲಿ ನಡೆದು ನಡೆದು ಹಸಿದು ಕುಸಿದಾಗ, ಹುಲ್ಲು ಬಿಟ್ಟು ಬೇರೇನೂ ಇಲ್ಲದ ಮೊಲ ‘ನನ್ನನ್ನೇ ತಿನ್ನು’ ಎಂದಿತಂತೆ. ಇಷ್ಟನ್ನು ಅವಳು ಸರಳ ಸ್ಪ್ಯಾನಿಷ್‌ನಲ್ಲಿ, ಕುಂಟುತ್ತಾ, ನೆಗೆಯುತ್ತಾ, ನಡುನಡುವೆ ಕನ್ನಡ ಹಾಕಿ ಹೇಳುತ್ತಿದ್ದದ್ದು ಗೋಡೆ ದಾಟಿ ಬರುತ್ತಿತ್ತು. ನನ್ನ ಕಡೆ ಮಗ್ಗಿ ಮೆಲ್ಲಗಾಯಿತು. ಮುಂದಿನ ಬೆಂಚಿನ ಗಿರೀಶ್, ನಲವತ್ತು ದಾಟಿದ ಗಂಭೀರ ಮನುಷ್ಯ, ಎದ್ದು ನಿಂತರು.

“ಮೇಡಂ, ಒಂದ್ನಿಮಿಷ. ಆ ಮೊಲಕ್ಕೆ ಏನಾಯ್ತು ಅಂತ ಕೇಳ್ಕೊಂಡ್ ಬರ್ಲಾ?”

ಹೋದವರು ಒಂದು ನಿಮಿಷಕ್ಕೆ ಬರಲಿಲ್ಲ. ಮುಂದಿನ ವಾರ ಅವರ ಹೆಸರು ಆ ಬ್ಯಾಚಿನಲ್ಲಿತ್ತು. ಅವರ ಹಿಂದೆ ಇನ್ನೂ ಕೆಲವರು ಹೋದರು.

ನಾನು ಗೋಡೆಗೆ ಕಿವಿಗೊಟ್ಟು ಅವಳ ತಪ್ಪು ಹುಡುಕತೊಡಗಿದೆ. ಸ್ಪ್ಯಾನಿಷ್‌ನಲ್ಲಿ ಎರಡು ಬಗೆಯ ಭೂತಕಾಲವಿದೆ: ‘ಹೀಗಿರುತ್ತಿತ್ತು’ ಎನ್ನಲು ಒಂದು, ‘ಹೀಗಾಗಿಬಿಟ್ಟಿತು’ ಎನ್ನಲು ಇನ್ನೊಂದು. ನಸೀಮಾ ಕಥೆಯ ರಭಸದಲ್ಲಿ ಒಮ್ಮೊಮ್ಮೆ ಎರಡನ್ನೂ ಕಲಸಿಬಿಡುತ್ತಿದ್ದಳು. ಅಂಥ ತಪ್ಪು ಸಿಕ್ಕ ದಿನ ನನಗೆ ಊಟ ರುಚಿಸುತ್ತಿತ್ತು.

ಮನೆಗೆ ಬಂದು ಇದನ್ನೆಲ್ಲ ಅಮ್ಮನ ಮುಂದೆ ತೋಡಿಕೊಂಡೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡು, “ಆಮೇಲೆ ಮೊಲಕ್ಕೆ ಏನಾಯ್ತು?” ಎಂದಳು.

“ನಂಗೇನಮ್ಮ ಗೊತ್ತು.”

“ಆ ಹುಡುಗೀನ ಒಂದಿನ ಮನೆಗೆ ಕರ್ಕೊಂಡ್ ಬಾ.”

ಕರೆದುಕೊಂಡು ಹೋಗುವ ಮನಸ್ಸಿರಲಿಲ್ಲ. ಆದರೆ ಅಮ್ಮ ದಿನವೂ ಕೇಳಿದಳು, ಕೊನೆಗೆ ಒಂದು ಭಾನುವಾರ ನಸೀಮಾ ಬಂದಳು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಮೊಲವನ್ನು ದೇವರು ಎತ್ತಿ ಚಂದ್ರನಿಗೆ ಒತ್ತಿದ ಕಥೆಯನ್ನು ಮುಗಿಸಿ, “ಈಗ ನಿಮ್ದೊಂದು ಹೇಳಿ ಅಮ್ಮ” ಎಂದಳು. ಅಮ್ಮ ಎಂದೇ ಕರೆದಳು. ನಾನು ಗ್ಯಾಸಿನ ಮುಂದೆ ನಿಂತು ಇಬ್ಬರಿಗೂ ಕಾಫಿ ಸೋಸುತ್ತಿದ್ದೆ.

ಅಮ್ಮ ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ, ಅದು ಹಳ್ಳಿಯಾಗಿಯೇ ಇದ್ದಾಗ. ಅವಳು ಕೆರೆಯೊಂದರ ಕಥೆ ಶುರು ಮಾಡಿದಳು. ಒಂದೂರಿನ ಕೆರೆಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಊರೊಳಗೆ ಜನ ಮಾತಾಡುವುದು ಕೇಳಿ ತಾನೂ ಹೋಗಬೇಕೆಂದು ಕತ್ತಲಾದರೆ ಏರಿ ಹತ್ತಿ ಬರುತ್ತಿತ್ತಂತೆ. ಮುದುಕಿಯೊಬ್ಬಳು ದಿನಾ ಸಂಜೆ ಏರಿಯ ಮೇಲೆ ಕೂತು ಅದಕ್ಕೆ ಕಥೆ ಹೇಳಿ, ಅರ್ಧಕ್ಕೆ ನಿಲ್ಲಿಸಿ, “ಉಳಿದದ್ದು ನಾಳೆ, ಇಲ್ಲೇ ಇರು” ಎನ್ನುತ್ತಿದ್ದಳಂತೆ. ಅಷ್ಟಕ್ಕೆ ಅಮ್ಮನೂ ನಿಲ್ಲಿಸಿದಳು. ಉಳಿದದ್ದು ಮುಂದಿನ ಸಲ.

ನಸೀಮಾ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಕೇಳಿದೆ: “ನಂಗ್ಯಾಕೆ ಈ ಕಥೆ ಯಾವತ್ತೂ ಹೇಳ್ಲಿಲ್ಲ?”

“ಹೇಳಕ್ ಬಂದಿದ್ದೆ ಕಣೇ, ನೀನ್ ಚಿಕ್ಕವಳಿದ್ದಾಗ. ಕೆರೆಗೆ ಕಾಲೆಲ್ಲಿದೆ ಅಂತ ಕೇಳ್ದೆ. ನಾನ್ ಸುಮ್ನಾದೆ.”

ಮರುದಿನ ಪ್ಲೈವುಡ್ಡಿನ ಆಚೆ ನಮ್ಮಮ್ಮನ ಕೆರೆ ಸ್ಪ್ಯಾನಿಷ್‌ನಲ್ಲಿ ಏರಿ ಹತ್ತುತ್ತಿತ್ತು. ಅಮ್ಮ ಉಸಿರು ಹಿಡಿದಲ್ಲೇ ನಸೀಮಾಳೂ ಉಸಿರು ಹಿಡಿದಳು. ಮೊಲ ಹೋಗಲಿ, ಅದು ಮೆಕ್ಸಿಕೋದ್ದು. ಗಿರೀಶ್ ಹೋಗಲಿ, ಅವರು ಶುಲ್ಕ ಕಟ್ಟಿದವರು. ಅಮ್ಮ ನನ್ನವಳಾಗಿದ್ದಳು. ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಅಳಿಸಿ ಅಳಿಸಿ ಬರೆದೆ. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಬಾರದಿತ್ತು.

ಆ ವಾರವೇ ನಸೀಮಾಳಿಗೆ ಪುಣೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು, ಕೂಡಲೇ ಹೊರಡಬೇಕಿತ್ತು. ಅವಳ ಬ್ಯಾಚು ನನಗೆ ಬಂತು. ನನಗೆ ಬೇಕಾದದ್ದೆಲ್ಲ ಕೇಳದೆಯೇ ಕೈಗೆ ಬಂದಿತ್ತು. ಮೆಟ್ಟಿಲ ಬಳಿ ಅವಳು ನನ್ನ ಕೈ ಹಿಡಿದುಕೊಂಡಳು.

“ಕಥೆ ಅರ್ಧಕ್ಕೆ ನಿಂತಿದೆ ಅಕ್ಕ. ಉಳಿದಿದ್ದು ನಂಗೂ ಗೊತ್ತಿಲ್ಲ. ಅಮ್ಮನ್ನ ಕೇಳಿ ನೀವೇ ಹೇಳ್ಬಿಡಿ. ಭೂತಕಾಲ ನೀವ್ ಹೇಳಿದ್ರೆ ಸರಿಯಾಗಿರತ್ತೆ. ನಾನು ಹೇಳೋವಾಗೆಲ್ಲ ಆ ಕಡೆ ನೀವು ಕೇಳಿಸ್ಕೊಳ್ತಿದೀರ ಅಂತ ನಂಗೆ ಭಯ ಆಗೋದು.”

ಅವಳಿಗೆ ಗೊತ್ತಿತ್ತು. ನಾನು ಏನೋ ತೊದಲಿ, ಪುಣೆಯಲ್ಲಿ ಚಳಿ ಜಾಸ್ತಿ ಎಂದೆ.

ಸೋಮವಾರ ಎರಡೂ ಬ್ಯಾಚು ಒಂದೇ ಕೋಣೆಯಲ್ಲಿ ಕೂತಿದ್ದವು. ನಾನು ಸೀಮೆಸುಣ್ಣ ಎತ್ತಿಕೊಳ್ಳುವ ಮೊದಲೇ ಗಿರೀಶ್ ಸ್ಪ್ಯಾನಿಷ್‌ನಲ್ಲಿ, ಪದ ಪದ ಹೆಕ್ಕಿ ಜೋಡಿಸಿಕೊಂಡು ಕೇಳಿದರು: ಕೆರೆ ಆಮೇಲೆ ಏನು ಮಾಡಿತು? ನನ್ನಲ್ಲಿದ್ದಷ್ಟು ದಿನ ಅವರು ತಾವಾಗಿ ಒಂದು ವಾಕ್ಯ ಆಡಿದವರಲ್ಲ. ನಾಳೆ ಹೇಳುತ್ತೇನೆ ಎಂದೆ.

ಅಂದು ಸಂಜೆ ನಾನು ಅಡುಗೆಮನೆಯ ನೆಲದ ಮೇಲೆ, ನಸೀಮಾ ಕೂತಿದ್ದ ಕಡೆಯೇ ಕೂತೆ. “ಅಮ್ಮ, ಆಮೇಲೆ ಏನಾಯ್ತು?”

ಅಮ್ಮ ನನ್ನ ಕಡೆ ತಿರುಗಿದಳು. “ಕಾಲೆಲ್ಲಿದೆ ಅಂತ ಕೇಳಲ್ವಾ?”

“ಕೇಳಲ್ಲ.”

ಮುದುಕಿಗೆ ತೀರಾ ವಯಸ್ಸಾಗಿ ಒಂದು ದಿನ ದನಿಯೇ ಹೊರಡಲಿಲ್ಲವಂತೆ. ಏರಿಗೆ ಹೋಗಲೂ ಆಗಲಿಲ್ಲ. ಕೆರೆ ಬಂದೀತೆಂದು ಹೆದರಿ ಊರವರು ಗಂಟುಮೂಟೆ ಕಟ್ಟಿ ಗುಡ್ಡ ಹತ್ತಿದರು. ಕೆರೆ ಏರಿ ದಾಟಿ, ಬೀದಿ ದಾಟಿ, ಅವಳ ಗುಡಿಸಲಿನ ಹೊಸ್ತಿಲವರೆಗೆ ಬಂತು. ಒಳಗೆ ನುಗ್ಗಲಿಲ್ಲ. ಹೊಸ್ತಿಲ ಆಚೆ ಕೂತು, ಅವಳು ಅಷ್ಟು ವರ್ಷ ಹೇಳಿದ್ದ ಕಥೆಗಳನ್ನು ಅವಳಿಗೇ ತಿರುಗಿ ಹೇಳಿತು. ಮುದುಕಿಗೆ ನಿದ್ದೆ ಬಂದ ಮೇಲೆ, ಬೀದಿಯಲ್ಲಿ ಒಂದು ಗುಡಿಸಲಿಗೂ ತೇವ ತಾಗಿಸದೆ ತನ್ನ ಜಾಗಕ್ಕೆ ಹೋಯಿತು.

ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ. ಬರುತ್ತಿತ್ತು, ಕೂರುತ್ತಿದ್ದಳು ಎನ್ನಲು ಒಂದು ಭೂತಕಾಲ. ಬಂತು, ಹೇಳಿತು ಎನ್ನಲು ಇನ್ನೊಂದು. ನನ್ನ ಬದುಕಿನಲ್ಲಿ ಆ ವ್ಯತ್ಯಾಸವನ್ನು ಅಷ್ಟು ಸುಲಭವಾಗಿ ಯಾವತ್ತೂ ಕಲಿಸಿರಲಿಲ್ಲ.

ಆ ಕೇಂದ್ರ ಈಗಿಲ್ಲ. ಮೇಲಿನ ಮಹಡಿಯಲ್ಲಿ ಜಿಮ್ ಬಂದಿದೆ. ನಾನು ಈಗ ಬೇರೆ ಕಡೆ ಕಲಿಸುತ್ತೇನೆ, ಪ್ರತಿ ಹೊಸ ಬ್ಯಾಚಿಗೂ ಕೆರೆಯ ಕಥೆ ಹೇಳುತ್ತೇನೆ. ಯಾರದು ಈ ಕಥೆ ಎಂದು ಕೇಳಿದರೆ ನಮ್ಮಮ್ಮನದು ಎನ್ನುತ್ತೇನೆ. ಸ್ಪ್ಯಾನಿಷ್‌ಗೆ ತಂದವಳು ನಸೀಮಾ ಎಂದೂ ಸೇರಿಸುತ್ತೇನೆ, ಸ್ವಲ್ಪ ತಡವಾಗಿ.

ದಿಲ್‌ಪಸಂದಿನ ವಾಸನೆ ಬಂದ ಆ ದಿನ ಮನೆಗೆ ಹೋದವಳೇ ಅಮ್ಮನನ್ನು ಕೂರಿಸಿ ಇಡೀ ಕಥೆಯನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅವಳಿಗೆ ಒಂದು ಪದವೂ ಅರ್ಥವಾಗುವುದಿಲ್ಲ. ಆದರೂ ಎಲ್ಲಿ ಏರಿ, ಎಲ್ಲಿ ಹೊಸ್ತಿಲು ಎಂದು ಅವಳ ಮುಖಕ್ಕೆ ಗೊತ್ತಾಗುತ್ತಿತ್ತು. ಮುಗಿದ ಮೇಲೆ ತಲೆಯಾಡಿಸಿದಳು.

“ಚೆನ್ನಾಗ್ ಹೇಳ್ತೀಯ ಕಣೇ. ಆದ್ರೆ ನಸೀಮಾ ಹೇಳೋವಾಗ ಕೆರೆ ಇನ್ನೂ ಸ್ವಲ್ಪ ಹತ್ರ ಬರ್ತಿತ್ತು.”

ನಸೀಮಾ ಪುಣೆಯಿಂದ ಫೋನಿನಲ್ಲಿ ಅಮ್ಮನಿಗೆ ಈ ಕಥೆಯನ್ನು ಸ್ಪ್ಯಾನಿಷ್‌ನಲ್ಲಿ ಯಾವಾಗ ಹೇಳಿದಳೋ, ಎಷ್ಟು ಸಲ ಹೇಳಿದಳೋ ನಾನು ಕೇಳಲಿಲ್ಲ. ಕುರ್ಚಿಯನ್ನು ಅಮ್ಮನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಕಥೆಯನ್ನು ಮೊದಲಿನಿಂದ ಶುರು ಮಾಡಿದೆ.