ಗೋಡೆಯ ಮೇಲಿನ ಗ್ರಹಣ

ಮೊನ್ನೆ ಕಪಾಟು ಖಾಲಿ ಮಾಡುವಾಗ ಅಪ್ಪನ ಎದೆಯ ಹಳೆಯ ಎಕ್ಸ್‌ರೇ ಫಿಲ್ಮ್ ಸಿಕ್ಕಿತು. ಅದರ ಒಂದು ಮೂಲೆ ಇಲ್ಲ. ಆ ತುಂಡನ್ನು ಕತ್ತರಿಸಿ ಶಾಲೆಗೆ ಒಯ್ದವಳು ನಾನೇ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯಹೋದವಳು ಕೈ ಇಳಿಸಿದೆ. ನಮ್ಮ ವಿಜ್ಞಾನ ಮಾಷ್ಟ್ರು ನೆನಪಾದರು...

ತೊಂಬತ್ತರ ದಶಕದಲ್ಲಿ ಅವರು ಬೆಳ್ತಂಗಡಿ ಕಡೆಯಿಂದ ಪಾಣೆಮಂಗಳೂರಿನ ನಮ್ಮ ಶಾಲೆಗೆ ಬಂದಿದ್ದರು. ಗ್ರಹಣವೆಂದರೆ ನಮ್ಮಲ್ಲಿ ನೀರಿಗೆ ದರ್ಭೆ ಹಾಕಿ, ಬಾಗಿಲು ಮುಚ್ಚಿ ಕೂರುವುದು. ಪಕ್ಕದ ಬ್ಯಾರಿ ಮುಸ್ಲಿಮರ ಮನೆಯಲ್ಲೂ ಬಸುರಿಯರು ಹೊರಬರುತ್ತಿರಲಿಲ್ಲ. ಇದನ್ನು ಕಂಡರೆ ಮಾಷ್ಟ್ರಿಗೆ ಮೈಯೆಲ್ಲ ಉರಿ. "ಮಕ್ಕಳನ್ನು ಕಳಿಸಿ, ಏನಾದರೂ ಆದ್ರೆ ನಾನಿದ್ದೇನೆ" ಎಂದು ಮನೆಮನೆಗೆ ಹೋಗಿ ಒಪ್ಪಿಸಿದರು. ಕಪ್ಪು ಫಿಲ್ಮಿನಲ್ಲಿ ನೋಡಿದರೆ ಕಣ್ಣಿಗೆ ಅಪಾಯವಿಲ್ಲವೆಂದು ಆಗ ಹೆಚ್ಚಿನವರು ನಂಬಿದ್ದರು, ಮಾಷ್ಟ್ರೂ ನಂಬಿದ್ದರು.

ಗ್ರಹಣದ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತೆವು. ನಾವು ತಂದ ಒಂದೊಂದು ತುಂಡನ್ನೂ ಮಾಷ್ಟ್ರು ಮೊದಲು ತಮ್ಮ ಕಣ್ಣಿಗೆ ಹಿಡಿದು, ಸೂರ್ಯನನ್ನು ನೋಡಿ, ಸರಿ ಎನಿಸಿದ ಮೇಲಷ್ಟೇ ನಮ್ಮ ಕೈಗೆ ಕೊಟ್ಟರು. ನನ್ನ ತುಂಡಿನಲ್ಲೂ ಮೊದಲು ನೋಡಿದ್ದು ಅವರೇ. ನಾವೆಲ್ಲ ಒಂದೊಂದು ಗಳಿಗೆ ನೋಡಿ ಸರಿದೆವು. ಅವರು ಅಷ್ಟೂ ಮಕ್ಕಳ ಪಾಲಿನದ್ದನ್ನು ಒಬ್ಬರೇ ನೋಡಿದರು.

ಆಮೇಲೆ ಅವರು ಮುಖ ಓರೆ ಮಾಡಿ ಓದತೊಡಗಿದರು. ಬೆಳಕಿನ ಪಾಠದ ದಿನ ಬೋರ್ಡಿನಲ್ಲಿ ಎಳೆದ ಕಿರಣ ಮಸೂರದವರೆಗೆ ಹೋಗದೆ ನಿಂತಿತು. ಗೆರೆ ಮುಟ್ಟಲಿಲ್ಲ ಎಂದು ನಾನು ಹೇಳಿದೆ. ತರಗತಿ ಬಿಟ್ಟ ಮೇಲೆ ಕರೆದರು.

"ನಾನು ಯಾವುದನ್ನು ನೋಡ್ತೇನೋ ಅದೇ ಕಾಣುವುದಿಲ್ಲ, ಬದಿಯದ್ದೆಲ್ಲ ಕಾಣ್ತದೆ. ಕೆಂಪಿಗಿಂತ ಉದ್ದದ ಅಲೆಗಳು ಉಂಟಲ್ಲ, ಕಣ್ಣಿಗೆ ಕಾಣದ್ದು? ಆ ಫಿಲ್ಮ್ ಅದನ್ನು ತಡೆಯುವುದಿಲ್ಲವಂತೆ. ಯಾರಿಗೂ ಹೇಳ್ಬೇಡ."

"ಯಾಕೆ ಮಾಷ್ಟ್ರೇ?"

"ಗ್ರಹಣ ಕಣ್ಣು ತಿಂದಿತು ಅಂತ ಹೇಳ್ತಾರೆ. ಮತ್ತೆ ಒಂದು ಮನೆಯ ಬಾಗಿಲೂ ತೆರೆಯುವುದಿಲ್ಲ."

ನಾನು ಹೇಳಲಿಲ್ಲ. ಆದರೆ ಕೆಲವು ವರ್ಷಗಳಲ್ಲೇ ಇನ್ನೊಂದು ಗ್ರಹಣ ಬಂತು, ಈ ಸಲ ಸಂಜೆಯ ಹೊತ್ತಿಗೆ. ನಾನಾಗ ಕಾಲೇಜಿನಲ್ಲಿದ್ದೆ. ಶಾಲೆಯ ಮಕ್ಕಳು ಅಣ್ಣ ಅಕ್ಕಂದಿರ ಹಳೆಯ ತುಂಡುಗಳನ್ನು ಹುಡುಕಿ ತಂದರಂತೆ. ಮಾಷ್ಟ್ರು ಸುಮ್ಮನಿದ್ದರೆ ಮಕ್ಕಳ ಕಣ್ಣು ಹೋಗುತ್ತಿತ್ತು, ಬಾಯಿ ಬಿಟ್ಟರೆ ಮನೆಮನೆ ಅಲೆದು ಗಳಿಸಿದ ನಂಬಿಕೆ ಹೋಗುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ತಮ್ಮ ಕಣ್ಣಿನ ವಿಷಯ ಹೇಳಿ, ತುಂಡುಗಳನ್ನೆಲ್ಲ ಕಸಿದುಕೊಂಡರು. ಸಂಜೆ ಬನ್ನಿ, ಸೂರ್ಯನಿಗೆ ಬೆನ್ನು ಹಾಕಿ ಶಾಲೆಯ ಗೋಡೆಯಲ್ಲಿ ನೋಡುವ ಎಂದರು. ಎಲೆಗಳ ಸಂದಿನಿಂದ ಬೀಳುವ ಒಂದೊಂದು ಬೆಳಕಿನ ಬೊಟ್ಟೂ ಸೂರ್ಯನ ಚಿತ್ರವೇ, ಗ್ರಹಣ ಹಿಡಿದಾಗ ಬೊಟ್ಟುಗಳೂ ಕುಡುಗೋಲಿನಂತೆ ಬಾಗುತ್ತವೆ ಎಂದು ವಿವರಿಸಿದರು. ಊರಿಗೆ ಕೇಳಿಸಿದ್ದು ಕಣ್ಣಿನ ವಿಷಯ ಮಾತ್ರ.

ಆ ಸಂಜೆ ಮಳೆ ಬಿಟ್ಟಿತ್ತು. ಬಸುರಿ ಅಕ್ಕ ಒಳಕೋಣೆಯಲ್ಲಿದ್ದಳು. ನಾನು ಚಪ್ಪಲಿ ಮೆಟ್ಟಿದ್ದೇ ತಡ, ಅಮ್ಮ ಚಿಲಕ ಹಾಕಿದಳು.

"ಅವರ ಕಣ್ಣೇ ಹೋಯ್ತು. ಇನ್ನು ನಿನ್ನನ್ನೂ ಕಳಿಸ್ಲಿಕ್ಕುಂಟಾ?"

ವಾದಿಸಿದೆ, ಕಣ್ಣೀರು ಹಾಕಿದೆ, ಅಮ್ಮ ಕದಲಲಿಲ್ಲ. ಆ ಚಿಲಕದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನ ಬೆಳಿಗ್ಗೆಯೇ ಶಾಲೆಗೆ ಹೋದೆ. ಮಾಷ್ಟ್ರು ಜಗಲಿಯಲ್ಲಿ ಕುಳಿತಿದ್ದರು.

"ಗೋಡೆಯಲ್ಲಿ ಬಂತಾ ಮಾಷ್ಟ್ರೇ?"

"ಬಂದಿರಬೇಕು. ಬದಿಯಲ್ಲೆಲ್ಲ ಏನೋ ಹೊಳೆಯುತ್ತಾ ಇತ್ತು, ನೇರ ನೋಡಿದರೆ ಇಲ್ಲ." ಗೋಡೆಯ ಕಡೆ ಮುಖ ಓರೆ ಮಾಡಿದರು. "ಒಂದು ಮಗುವಾದರೂ ಬಂದಿದ್ದರೆ ಕೇಳ್ತಿದ್ದೆ, ಕಾಣ್ತದಾ ಅಂತ."

ಬಳಿಕ ಅವರಿಗೆ ವರ್ಗವಾಯಿತು. ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ತುಂಬ ತಡವಾಗಿತ್ತು...

ಫಿಲ್ಮನ್ನು ಕಸಕ್ಕೆ ಹಾಕಿ ಹೊರಗೆ ಬಂದೆ. ಮಾವಿನ ಮರದ ಸಂದಿನಿಂದ ನಮ್ಮ ಗೋಡೆಯ ಮೇಲೆ ಬೆಳಕಿನ ಬೊಟ್ಟುಗಳು ಬಿದ್ದಿದ್ದವು, ಎಲ್ಲವೂ ಗುಂಡಗೆ. ಕಾಣ್ತದೆ ಮಾಷ್ಟ್ರೇ, ಎಂದು ಹೇಳೋಣವೆಂದರೆ ಕೇಳುವವರಿಲ್ಲ.